ಬಿಎಸ್ಸಿ ಮುಗಿದ ಮೇಲೆ ಡಾಕ್ಟರ್ ಆಗಬೇಕು ಅನ್ನಿಸಿದರೆ ಏನು ಮಾಡಬೇಕು

ಮೊದಲೇ ಒಂದು ವಿಷಯ ಹೇಳಿಬಿಡುತ್ತೇನೆ. ನಮ್ಮ ದೇಶದಲ್ಲಿ ಬಿಎಸ್ಸಿ ಆದವರಿಗೆ ಅಂತ ಎಂಬಿಬಿಎಸ್‌ಗೆ ಬೇರೆ ಬಾಗಿಲಿಲ್ಲ. ಡಿಪ್ಲೊಮಾ ಮಾಡಿದವರು ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ನೇರವಾಗಿ ಸೇರುತ್ತಾರಲ್ಲ, ಆ ಥರದ ಲ್ಯಾಟರಲ್ ಎಂಟ್ರಿ ಮೆಡಿಕಲ್‌ನಲ್ಲಿ ಇಲ್ಲ. ಬ್ರಿಟನ್ನಿನಲ್ಲಿ ಪದವೀಧರರಿಗೆ ಅಂತಲೇ ನಾಲ್ಕು ವರ್ಷದ ಕೋರ್ಸ್ ಇದೆ. ಅಮೆರಿಕದಲ್ಲಂತೂ ಡಿಗ್ರಿ ಆದ ಮೇಲೇ ಮೆಡಿಕಲ್ ಸ್ಕೂಲ್. ಇಲ್ಲಿ ನೀವು ಬಯೋಕೆಮಿಸ್ಟ್ರಿಯಲ್ಲಿ ಎಂಎಸ್ಸಿ ಮಾಡಿದ್ದರೂ ಸೆಕೆಂಡ್ ಪಿಯು ಮುಗಿಸಿ ಬಂದ ಹುಡುಗನ ಪಕ್ಕ ಕೂತು ನೀಟ್ ಅನ್ನುವ ಪ್ರವೇಶ ಪರೀಕ್ಷೆ ಬರೆಯಬೇಕು, ಮೊದಲನೇ ವರ್ಷದಿಂದಲೇ ಶುರು ಮಾಡಬೇಕು, ಅದೇ ಬಯೋಕೆಮಿಸ್ಟ್ರಿಯನ್ನು ಇನ್ನೊಂದು ಸಲ ಬರೆದು ಪಾಸಾಗಬೇಕು. ಇದು ಗೊತ್ತಿದ್ದೂ ಆಸೆ ಹಾಗೇ ಇದೆ ಅಂದರೆ ಮುಂದೆ ಓದಿ.

ನಾನು ಬಿಎಸ್ಸಿಯಲ್ಲಿ ಸಿಬಿಝಡ್ (ಕೆಮಿಸ್ಟ್ರಿ, ಬಾಟನಿ, ಝೂವಾಲಜಿ) ಮುಗಿಸಿ, ಒಂದೂವರೆ ವರ್ಷ ಒಂದು ಡಯಾಗ್ನೋಸ್ಟಿಕ್ ಲ್ಯಾಬ್‌ನಲ್ಲಿ ಸ್ಯಾಂಪಲ್ ತಗೊಳ್ಳುವ ಕೌಂಟರ್‌ನಲ್ಲಿದ್ದು, ಆಮೇಲೆ ನೀಟ್ ಬರೆದು, ಈಗ ಬೆಂಗಳೂರಿನಲ್ಲೇ ಹೌಸ್ ಸರ್ಜನ್ (ಎಂಬಿಬಿಎಸ್ ಇಂಟರ್ನ್) ಆಗಿದ್ದೇನೆ. ಆಗಾಗ ಯಾರಾದರೂ ಕೇಳುತ್ತಾರೆ, "ಅಕ್ಕಾ, ನಂಗೆ ಇಪ್ಪತ್ತೆರಡಾಯ್ತು, ಲೇಟಾಯ್ತಾ?" ಅಂತ. ನಿಯಮದ ಪ್ರಕಾರ ಲೇಟಾಗಿಲ್ಲ. ಸೇರುವ ವರ್ಷದ ಡಿಸೆಂಬರ್ 31ರ ಹೊತ್ತಿಗೆ 17 ತುಂಬಿರಬೇಕು, ಅಷ್ಟೇ. ಮೇಲಿನ ವಯಸ್ಸಿನ ಮಿತಿಯನ್ನು 2022ರಲ್ಲಿ ತೆಗೆದುಹಾಕಿದರು. ಎಷ್ಟು ಸಲ ಬರೆಯಬಹುದು ಅನ್ನುವುದಕ್ಕೂ ಮಿತಿ ಇಲ್ಲ. ಈ ಎರಡನೆಯದು ಒಳ್ಳೆಯದೂ ಹೌದು, ಅಪಾಯವೂ ಹೌದು. ಅದರ ಬಗ್ಗೆ ಆಮೇಲೆ ಹೇಳುತ್ತೇನೆ.

ಮೊದಲು ಪಿಯುಸಿ ಮಾರ್ಕ್ಸ್ ಕಾರ್ಡ್ ಹುಡುಕಿ

ಕೋಚಿಂಗ್ ಸೆಂಟರ್‌ಗೆ ಫೋನ್ ಮಾಡುವ ಮೊದಲು ಬೀರುವಿನಿಂದ ಸೆಕೆಂಡ್ ಪಿಯುಸಿ ಮಾರ್ಕ್ಸ್ ಕಾರ್ಡ್ ತೆಗೆಯಿರಿ. ಡಿಗ್ರಿಯಲ್ಲಿ ಎಂಬತ್ತೈದು ಪರ್ಸೆಂಟ್ ಬಂದಿದ್ದರೂ ಇಲ್ಲಿ ಮುಖ್ಯವಾಗುವುದು ಪಿಯುಸಿಯೇ. ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಅಥವಾ ಬಯೋಟೆಕ್ನಾಲಜಿ, ಜೊತೆಗೆ ಇಂಗ್ಲಿಷ್ ಇರಬೇಕು. ಮೂರು ಸೈನ್ಸ್ ವಿಷಯ ಸೇರಿ ಜನರಲ್‌ನವರಿಗೆ 50 ಪರ್ಸೆಂಟ್, ಎಸ್‌ಸಿ, ಎಸ್‌ಟಿ, ಒಬಿಸಿಯವರಿಗೆ 40 ಪರ್ಸೆಂಟ್ ಬೇಕು. ಅರ್ಜಿ ತುಂಬುವಾಗ ಬಿಎಸ್ಸಿ ಆದವರಿಗೆ ಬೇರೆ ಕೋಡ್ ಇದೆ: ಡಿಗ್ರಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಈ ಮೂರರಲ್ಲಿ ಎರಡಾದರೂ ಓದಿರಬೇಕು. ಆದರೆ ಅದರಲ್ಲೂ ಪಿಯುಸಿಯಲ್ಲಿ ಈ ವಿಷಯಗಳು ಪಾಸಾಗಿರಲೇಬೇಕು ಅನ್ನುವ ಷರತ್ತು ಇದ್ದೇ ಇದೆ.

ಪಿಯುಸಿಯಲ್ಲಿ ಬಯಾಲಜಿ ಇಲ್ಲದೆ ಪಿಸಿಎಂಸಿ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಕಂಪ್ಯೂಟರ್ ಸೈನ್ಸ್) ಓದಿ ಆಮೇಲೆ ಬಯೋಟೆಕ್ ಕಡೆ ಬಂದವರು ಸುಮಾರು ಜನ ಇದ್ದೀರಿ. ಮೊದಲು ನಿಮಗೆ ದಾರಿಯೇ ಇರಲಿಲ್ಲ. 2023ರ ನವೆಂಬರ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಅದನ್ನು ಸಡಿಲಿಸಿತು. ಪಿಯುಸಿ ಆದ ಮೇಲೂ ಮಾನ್ಯತೆ ಇರುವ ಬೋರ್ಡ್‌ನಿಂದ ಬಯಾಲಜಿಯನ್ನು ಹೆಚ್ಚುವರಿ ವಿಷಯವಾಗಿ ಬರೆದು ಪಾಸಾದರೆ ನೀಟ್ ಬರೆಯಬಹುದು. ಅಂದರೆ ನಿಮಗೆ ಒಂದು ವರ್ಷ ಜಾಸ್ತಿ ಹಿಡಿಯುತ್ತದೆ ಅಂತ ಲೆಕ್ಕ ಇಟ್ಟುಕೊಳ್ಳಿ.

ಎರಡು ಬೆಳಿಗ್ಗೆ ಆಸ್ಪತ್ರೆಯಲ್ಲಿ ಕಳೆಯಿರಿ

ಇದನ್ನು ಯಾರೂ ಹೇಳುವುದಿಲ್ಲ. ನನಗೆ ಇದೇ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ. ಹದಿನೆಂಟರ ಹುಡುಗರಿಗೆ ಅಪ್ಪ ಅಮ್ಮ ನಿರ್ಧಾರ ಮಾಡಿರುತ್ತಾರೆ. ನಿಮ್ಮದು ನೀವೇ ಮಾಡುತ್ತಿರುವ ನಿರ್ಧಾರ, ಅದನ್ನು ಕಣ್ಣಾರೆ ನೋಡಿ ಮಾಡಿ. ಕೆ.ಆರ್. ಮಾರ್ಕೆಟ್ ಹತ್ತಿರದ ವಿಕ್ಟೋರಿಯಾ ಇರಲಿ, ಶಿವಾಜಿನಗರದ ಬೌರಿಂಗ್ ಇರಲಿ, ಯಾರಾದರೂ ನೆಂಟರನ್ನು ಓಪಿಡಿಗೆ ಕರೆದುಕೊಂಡು ಹೋಗುವ ಸಂದರ್ಭ ಬಂದರೆ ನೀವೇ ಹೋಗಿ. ಚೀಟಿ ಮಾಡಿಸುವ ಸಾಲು, ಒಬ್ಬ ಡಾಕ್ಟರ್ ಮುಂದೆ ಕಾಯುತ್ತಿರುವ ಅಷ್ಟೊಂದು ಜನ, "ನಾಳೆ ಬನ್ನಿ" ಅಂದಾಗ ಊರಿಂದ ಬಸ್ಸಿನಲ್ಲಿ ಬಂದವರ ಮುಖ, ಇದನ್ನೆಲ್ಲ ನೋಡಿ. ಟೈಮ್ ಇದ್ದರೆ ಮಾರತ್‌ಹಳ್ಳಿ ಕಡೆ ಇರುವ ಕರುಣಾಶ್ರಯದಂಥ ಕಡೆ ಸ್ವಯಂಸೇವೆಗೆ ಅವಕಾಶ ಇದೆಯಾ ಕೇಳಿ. ಅಲ್ಲಿ ಕ್ಯಾನ್ಸರ್ ವಾಸಿಯಾಗದ ಹಂತಕ್ಕೆ ಬಂದವರನ್ನು ನೋಡಿಕೊಳ್ಳುತ್ತಾರೆ. ಕಾಯಿಲೆ ಗುಣ ಮಾಡಲು ಆಗದಿದ್ದಾಗಲೂ ಮಾಡುವ ಕೆಲಸ ಎಷ್ಟಿರುತ್ತದೆ ಅಂತ ಅಲ್ಲಿ ಗೊತ್ತಾಗುತ್ತದೆ.

ಇದನ್ನೆಲ್ಲ ನೋಡಿ, ನನಗೆ ಇಷ್ಟ ಇರುವುದು ಕಾಯಿಲೆಯ ವಿಜ್ಞಾನ, ರೋಗಿಗಳ ಜೊತೆ ದಿನಾ ಇರುವುದು ಅಲ್ಲ ಅನ್ನಿಸಿದರೆ ಅದೂ ಸರಿಯೇ. ಮೆಡಿಕಲ್ ಕಾಲೇಜುಗಳಲ್ಲೇ ಅನಾಟಮಿ, ಫಿಸಿಯಾಲಜಿ, ಮೈಕ್ರೋಬಯಾಲಜಿಯಲ್ಲಿ ಎಂಎಸ್ಸಿ ಇದೆ. ನಿಮ್ಹಾನ್ಸ್‌ನಲ್ಲಿ, ಐಐಎಸ್‌ಸಿಯಲ್ಲಿ ಸಂಶೋಧನೆಯ ದಾರಿ ಇದೆ. ಅವಕ್ಕೆ ನೀಟ್ ಬೇಡ.

ವರ್ಷದ ಲೆಕ್ಕ, ದುಡ್ಡಿನ ಲೆಕ್ಕ

ಎಂಬಿಬಿಎಸ್ ನಾಲ್ಕೂವರೆ ವರ್ಷ, ಇಂಟರ್ನ್‌ಶಿಪ್ ಒಂದು ವರ್ಷ. ಒಟ್ಟು ಐದೂವರೆ. ಇಪ್ಪತ್ತೊಂದಕ್ಕೆ ಡಿಗ್ರಿ ಮುಗಿಸಿ, ಒಂದು ವರ್ಷ ಓದಿ ಸೀಟು ತಗೊಂಡರೂ ಹೊರಗೆ ಬರುವಾಗ ಇಪ್ಪತ್ತೇಳು, ಇಪ್ಪತ್ತೆಂಟು. ಎಂಡಿ ಅಥವಾ ಎಂಎಸ್ ಬೇಕಂದರೆ ಇನ್ನೊಂದು ಎಂಟ್ರೆನ್ಸ್, ಇನ್ನು ಮೂರು ವರ್ಷ. ಅಷ್ಟು ಹೊತ್ತಿಗೆ ನಿಮ್ಮ ಬಿಎಸ್ಸಿ ಕ್ಲಾಸ್‌ಮೇಟ್ ಬಯೋಕಾನ್ ಥರದ ಕಂಪನಿಯಲ್ಲಿ ಹತ್ತು ವರ್ಷ ಕೆಲಸ ಮಾಡಿರುತ್ತಾರೆ. ಮನೆಯಲ್ಲಿ ಮದುವೆ ಮಾತು ಬರುತ್ತದೆ, ಹೆಣ್ಣುಮಕ್ಕಳಿಗಂತೂ ಬಂದೇ ಬರುತ್ತದೆ. ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಅಪ್ಪ ಅಮ್ಮನ ಮುಂದೆ ಇಡಿ. ನಾನು ಹಾಗೇ ಮಾಡಿದೆ. ನಮ್ಮಮ್ಮ ಹಾಳೆ ನೋಡಿ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ, ಆಮೇಲೆ "ಒಂದು ಸಲ, ತಪ್ಪಿದ್ರೆ ಇನ್ನೊಂದೇ ಸಲ" ಅಂದರು. ಆ ಗಡಿ ನನಗೆ ತುಂಬಾ ಸಹಾಯ ಮಾಡಿತು. ಬರೆಯಲು ಮಿತಿ ಇಲ್ಲ ಅಂತ ನಾಲ್ಕು, ಐದು ವರ್ಷ ನೀಟ್‌ನಲ್ಲೇ ಕಳೆದವರನ್ನು ನೋಡಿದ್ದೇನೆ. ಸಂಕಟ ಆಗುತ್ತದೆ. ಗಡಿಯನ್ನು ಓದಲು ಕೂರುವ ಮೊದಲೇ ಹಾಕಿಕೊಳ್ಳಿ, ರಿಸಲ್ಟ್ ದಿನ ಅಲ್ಲ.

ದುಡ್ಡು ಸೀಟಿನ ಮೇಲೆ ನಿಂತಿದೆ. ಸರ್ಕಾರಿ ಕಾಲೇಜಿನ ಸರ್ಕಾರಿ ಸೀಟಾದರೆ ವರ್ಷದ ಫೀಸು ಒಂದು ಲಕ್ಷದೊಳಗೆ. ಖಾಸಗಿ ಕಾಲೇಜಿನ ಸರ್ಕಾರಿ ಸೀಟಾದರೆ ಅದಕ್ಕಿಂತ ಜಾಸ್ತಿ, ಆದರೂ ಸಾಲ ಮಾಡಿ ನಿಭಾಯಿಸಬಹುದು. ಪ್ರೈವೇಟ್ ಸೀಟು ವರ್ಷಕ್ಕೆ ಹತ್ತು ಲಕ್ಷ ದಾಟುತ್ತದೆ. ಡೀಮ್ಡ್ ಯೂನಿವರ್ಸಿಟಿಗಳದ್ದು ಇನ್ನೂ ಮೇಲೆ. ಬ್ಯಾಂಕಿನ ಎಜುಕೇಷನ್ ಲೋನ್ ಏಳೂವರೆ ಲಕ್ಷದವರೆಗೆ ಆಸ್ತಿ ಅಡ ಇಲ್ಲದೆ ಸಿಗುತ್ತದೆ, ಅದರ ಮೇಲೆ ಸಾಮಾನ್ಯವಾಗಿ ಮನೆ ಪತ್ರ ಕೇಳುತ್ತಾರೆ. ಇರುವ ಒಂದು ಸೈಟು ಅಡ ಇಟ್ಟು ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ ಪ್ರೈವೇಟ್ ಸೀಟು ತಗೊಳ್ಳಬೇಡಿ ಅಂತ ನಾನಂತೂ ನೇರವಾಗಿ ಹೇಳುತ್ತೇನೆ.

ಅಪ್ಪನೋ ಅಮ್ಮನೋ ಪೀಣ್ಯದಲ್ಲಿ, ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುತ್ತಿದ್ದು ಸಂಬಳದಲ್ಲಿ ಇಎಸ್‌ಐ ಹಿಡಿಯುತ್ತಿದ್ದರೆ ಒಂದು ವಿಷಯ ಗಮನಿಸಿ. ರಾಜಾಜಿನಗರದಲ್ಲಿ ಇಎಸ್‌ಐ ಮೆಡಿಕಲ್ ಕಾಲೇಜು ಇದೆ. ವಿಮೆ ಇರುವ ಕಾರ್ಮಿಕರ ಮಕ್ಕಳಿಗೆ ಇಎಸ್‌ಐ ಕಾಲೇಜುಗಳಲ್ಲಿ ಬೇರೆ ಕೋಟಾ ಇದೆ. ಎಷ್ಟೋ ಮನೆಯವರಿಗೆ ಇದು ಗೊತ್ತೇ ಇರುವುದಿಲ್ಲ. ಷರತ್ತುಗಳನ್ನು ಇಎಸ್‌ಐ ಕಚೇರಿಯಲ್ಲಿ ಮೊದಲೇ ಕೇಳಿಕೊಂಡು ಬನ್ನಿ.

ಡಿಗ್ರಿಯವರು ನೀಟ್‌ಗೆ ಓದುವ ರೀತಿ

180 ಪ್ರಶ್ನೆ, 180 ನಿಮಿಷ, 720 ಅಂಕ. ಬಯಾಲಜಿ 90, ಫಿಸಿಕ್ಸ್ 45, ಕೆಮಿಸ್ಟ್ರಿ 45. ಸರಿ ಉತ್ತರಕ್ಕೆ ನಾಲ್ಕು, ತಪ್ಪಿಗೆ ಒಂದು ಕಟ್. ಮೊದಲು ಇದ್ದ ಆಯ್ಕೆಯ ಪ್ರಶ್ನೆಗಳು 2025ರಿಂದ ಇಲ್ಲ.

ನಮ್ಮಂಥವರಿಗೆ ಬಯಾಲಜಿ ಸುಲಭ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಾನೂ ಹಾಗೇ ಅಂದುಕೊಂಡು ಮೊದಲ ಮಾಕ್ ಟೆಸ್ಟ್‌ನಲ್ಲಿ ಅದರಲ್ಲೇ ಅಂಕ ಕಳಕೊಂಡೆ. ಕಾರಣ ಏನು ಗೊತ್ತಾ? ನಾವು ಜಾಸ್ತಿ ಓದಿರುತ್ತೇವೆ. ಒಂದು ಗ್ಲೂಕೋಸ್‌ನಿಂದ ಎಷ್ಟು ಎಟಿಪಿ ಅಂತ ಕೇಳಿದರೆ ಡಿಗ್ರಿ ಓದಿದವರ ಕೈ 30 ಅಥವಾ 32ರ ಕಡೆ ಹೋಗುತ್ತದೆ, ಈಗಿನ ಬಯೋಕೆಮಿಸ್ಟ್ರಿ ಪುಸ್ತಕಗಳಲ್ಲಿ ಇರುವುದು ಅದೇ. ಪಿಯುನಲ್ಲಿ ಓದುವ ಎನ್‌ಸಿಇಆರ್‌ಟಿ ಪುಸ್ತಕದ ಲೆಕ್ಕ ಹಳೆಯದು, ಅಲ್ಲಿ 36, 38ರ ಮಾತು. ನೀಟ್ ಕೇಳುವುದು ಎನ್‌ಸಿಇಆರ್‌ಟಿಯಲ್ಲಿ ಇರುವುದನ್ನು. ಹಾಗಾಗಿ ಆರು ತಿಂಗಳು ನಿಮ್ಮ ಡಿಗ್ರಿ ಪುಸ್ತಕಗಳನ್ನು ಅಟ್ಟದ ಮೇಲೆ ಇಟ್ಟುಬಿಡಿ. ಎನ್‌ಸಿಇಆರ್‌ಟಿ ಬಯಾಲಜಿಯ ಎರಡೂ ಪುಸ್ತಕಗಳನ್ನು ಸಾಲು ಬಿಡದೆ ಓದಿ, ಚಿತ್ರದ ಕೆಳಗಿನ ಬರಹವನ್ನೂ ಸೇರಿಸಿ. ಹೊಸ ಮುದ್ರಣವನ್ನೇ ತಗೊಳ್ಳಿ. 2024ರಿಂದ ಪಠ್ಯ ಬದಲಾಗಿದೆ. ನೀವು ಪಿಯುಸಿಯಲ್ಲಿ ಕಷ್ಟಪಟ್ಟು ಓದಿದ ಜೀರ್ಣಕ್ರಿಯೆಯ ಪಾಠ, ಗಿಡಗಳ ಮಿನರಲ್ ನ್ಯೂಟ್ರಿಷನ್ ಪಾಠ ಈಗ ಇಲ್ಲ. ಅವೆನ್ಯೂ ರೋಡಿನಲ್ಲಿ ಹಳೇ ಪುಸ್ತಕ ಅಗ್ಗಕ್ಕೆ ಸಿಗುತ್ತದೆ ಅಂತ ಅಣ್ಣನ ಕಾಲದ್ದನ್ನು ತಂದು ಓದಿ ಮೋಸ ಹೋಗಬೇಡಿ. ಹಳೇ ಪ್ರಶ್ನೆಪತ್ರಿಕೆಗಳ ಪುಸ್ತಕ ಬೇಕಾದರೆ ಅಲ್ಲಿಂದ ತನ್ನಿ.

ಸೀಟು ಕೊಡುವುದು ಫಿಸಿಕ್ಸ್. ಸಿಬಿಝಡ್‌ನವರು ಫಿಸಿಕ್ಸ್ ಬಿಟ್ಟು ಮೂರು, ನಾಲ್ಕು ವರ್ಷ ಆಗಿರುತ್ತದೆ. ತ್ರಿಕೋನಮಿತಿ, ಲಾಗ್, ವೆಕ್ಟರ್ ಎಲ್ಲ ಮರೆತಿರುತ್ತದೆ. ಮೊದಲ ಮೂರು ವಾರ ಬರೀ ಆ ಗಣಿತವನ್ನೇ ಮಾಡಿ. ನಾನು ಸೈನ್ 37, ಕಾಸ್ 53 ಅಂತ ಬಚ್ಚಲುಮನೆ ಬಾಗಿಲಿಗೆ ಚೀಟಿ ಅಂಟಿಸಿದ್ದೆ, ಎರಡಕ್ಕೂ ಉತ್ತರ ಸುಮಾರು 0.6 ಅಂತ ಇವತ್ತಿಗೂ ನೆನಪಿದೆ. ಆಮೇಲೆ ದಿನಕ್ಕೆ ನಲವತ್ತು ಲೆಕ್ಕ. ಕಡಿಮೆ ಅನ್ನಿಸಬಹುದು, ಆದರೆ ತಪ್ಪಿದ್ದನ್ನು ಮಾರನೇ ದಿನ ಮತ್ತೆ ಮಾಡಬೇಕು, ಅದು ಸೇರಿದರೆ ಮೂರು ಗಂಟೆ ಬೇಕು.

ಪರೀಕ್ಷೆಯಲ್ಲಿ ಬಯಾಲಜಿ ಮೊದಲು, ನಲವತ್ತೈದರಿಂದ ಐವತ್ತು ನಿಮಿಷ. ಆಮೇಲೆ ಕೆಮಿಸ್ಟ್ರಿ. ಉಳಿದದ್ದು ಫಿಸಿಕ್ಸ್‌ಗೆ. ಗೊತ್ತಿಲ್ಲದ್ದನ್ನು ಸುಮ್ನೆ ತುಂಬಬೇಡಿ. ಸರಿ ಆಗಬೇಕಿದ್ದದ್ದು ತಪ್ಪಾದರೆ ನಷ್ಟ ನಾಲ್ಕಲ್ಲ, ಐದು. ಉತ್ತರ ಗುರುತಿಸುವ ಒಎಂಆರ್ ಹಾಳೆಯನ್ನು ಕೊನೆಯ ಹತ್ತು ನಿಮಿಷಕ್ಕೆ ಬಿಡದೆ ಪುಟ ಪುಟಕ್ಕೆ ತುಂಬಿಕೊಂಡು ಹೋಗಿ. ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ, ಜೊತೆಗೆ ಇಂಗ್ಲಿಷ್ ಇರುತ್ತದೆ, ಗೊಂದಲ ಬಂದರೆ ಇಂಗ್ಲಿಷೇ ಅಂತಿಮ. ಕನ್ನಡ ಮೀಡಿಯಂನಿಂದ ಬಂದವರಿಗೆ ಇದು ಆಸರೆ. ಡಿಗ್ರಿಯನ್ನು ಇಂಗ್ಲಿಷ್‌ನಲ್ಲಿ ಮಾಡಿದವರಿಗೆ ಇಂಗ್ಲಿಷೇ ಸುಲಭ ಅನ್ನಿಸಬಹುದು.

ಕೋಚಿಂಗ್ ಬೇಕಾ? ಫಿಸಿಕ್ಸ್‌ಗೆ ಬೇಕಾಗಬಹುದು, ಟೆಸ್ಟ್ ಸೀರೀಸ್ ಖಂಡಿತ ಬೇಕು. ನಾನು ಒಂದು ಕಡೆ ರಿಪೀಟರ್ಸ್ ಬ್ಯಾಚ್ ಅಂತ ಪೂರ್ತಿ ಫೀಸು ಒಂದೇ ಸಲ ಕಟ್ಟಿದೆ. ಆರು ವಾರಕ್ಕೆ ನಮ್ಮ ಬ್ಯಾಚನ್ನು ಪಿಯು ಮಕ್ಕಳ ಜೊತೆ ಸೇರಿಸಿದರು. ದುಡ್ಡು ವಾಪಸ್ ಕೇಳಿದರೆ ರಸೀದಿಯ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದದ್ದನ್ನು ತೋರಿಸಿದರು. ಕಂತಿನಲ್ಲಿ ಕಟ್ಟಿ, ರಸೀದಿಯ ಹಿಂಭಾಗ ಓದಿ. ಮಿಕ್ಕ ಓದನ್ನು ನಾನು ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದ ಲೈಬ್ರರಿಯಲ್ಲಿ, ಮನೆ ಹತ್ತಿರದ ರೀಡಿಂಗ್ ರೂಮಿನಲ್ಲಿ ಮಾಡಿದೆ. ಕೆಲಸ ಬಿಡುವ ಹಾಗಿಲ್ಲ ಅಂದರೆ ಕೊನೆಯ ನಾಲ್ಕು ತಿಂಗಳಾದರೂ ಬಿಡುವ ಥರ ದುಡ್ಡು ಉಳಿಸಿಕೊಳ್ಳಿ. ಎಂಟು ಗಂಟೆ ಲ್ಯಾಬ್, ಎರಡು ಗಂಟೆ ಟ್ರಾಫಿಕ್, ಆಮೇಲೆ ರೊಟೇಷನಲ್ ಮೋಷನ್ ಅಂದರೆ ತಲೆಗೆ ಹೋಗುವುದಿಲ್ಲ.

ಕೆಇಎ, ಮತ್ತು ಕಾಗದ ಪತ್ರ

ನೀಟ್ ಬರೆದರೆ ಸೀಟಿಗೆ ಅರ್ಜಿ ಹಾಕಿದ ಹಾಗೆ ಆಗಲಿಲ್ಲ. ಅಖಿಲ ಭಾರತ ಕೋಟಾದ 15 ಪರ್ಸೆಂಟ್‌ಗೆ ಎಂಸಿಸಿಯಲ್ಲಿ (ಕೇಂದ್ರದ ಮೆಡಿಕಲ್ ಕೌನ್ಸೆಲಿಂಗ್ ಸಮಿತಿ), ರಾಜ್ಯದ ಸೀಟುಗಳಿಗೆ ಮಲ್ಲೇಶ್ವರದ ಕೆಇಎಯಲ್ಲಿ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಬೇರೆ ಬೇರೆ ರಿಜಿಸ್ಟರ್ ಮಾಡಬೇಕು. ಎರಡೂ ಕಡೆ ಮಾಡಿ. ಕ್ವಾಲಿಫೈ ಆಗುವುದು ಬೇರೆ, ಸೀಟು ಸಿಗುವುದು ಬೇರೆ ಅನ್ನುವುದೂ ನೆನಪಿರಲಿ. ಕೆಇಎ ಪ್ರತಿ ಸುತ್ತಿನ ಕಟ್ ಆಫ್ ರ್‍ಯಾಂಕ್ ಪಟ್ಟಿ ಹಾಕುತ್ತದೆ. ಹಿಂದಿನ ಎರಡು ವರ್ಷದ್ದನ್ನು ತೆಗೆದು ನಿಮ್ಮ ಕಾಲಂ ನೋಡಿ. ಜಿಎಂ ಅಂದರೆ ಜನರಲ್ ಮೆರಿಟ್, ಜಿಎಂಕೆ ಅಂದರೆ ಅದರಲ್ಲಿ ಕನ್ನಡ ಮಾಧ್ಯಮ, ಜಿಎಂಆರ್ ಅಂದರೆ ಗ್ರಾಮೀಣ. 2ಎ, 3ಬಿ ಎಲ್ಲದಕ್ಕೂ ಹೀಗೇ ಮೂರು ಮೂರು ಕಾಲಂ ಇರುತ್ತದೆ. ಕನ್ನಡ ಮಾಧ್ಯಮದಲ್ಲಿ, ಹಳ್ಳಿ ಶಾಲೆಯಲ್ಲಿ ಒಂದರಿಂದ ಹತ್ತರವರೆಗೆ ಓದಿದ್ದರೆ ಅದನ್ನು ಬಿಡಬೇಡಿ, ರ್‍ಯಾಂಕಿನಲ್ಲಿ ದೊಡ್ಡ ವ್ಯತ್ಯಾಸ ಬರುತ್ತದೆ.

ನಾವು ಒದ್ದಾಡುವುದು ಇಲ್ಲೇ. ಪಿಯು ಮಕ್ಕಳ ಹತ್ತಿರ ಎಲ್ಲ ಕಾಗದವೂ ಹೊಸದಾಗಿ ಇರುತ್ತದೆ. ನಮ್ಮದು ಒಂದು ಊರಿನಲ್ಲಿ ಒಂದು. ಕರ್ನಾಟಕದಲ್ಲಿ ಕನಿಷ್ಠ ಏಳು ವರ್ಷ ಓದಿದ್ದಕ್ಕೆ ವ್ಯಾಸಂಗ ಪ್ರಮಾಣಪತ್ರ ಬೇಕು, ಅದಕ್ಕೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ ಬೇಕು. ಜಾತಿ, ಆದಾಯ ಪತ್ರ ನಾಡಕಚೇರಿಯಿಂದ, ಅದರ ಮೇಲಿನ ಆರ್‌ಡಿ ಸಂಖ್ಯೆಯನ್ನು ಅರ್ಜಿಯಲ್ಲಿ ಹಾಕಬೇಕು. ನನ್ನ ವ್ಯಾಸಂಗ ಪತ್ರದಲ್ಲಿ ಇನಿಷಿಯಲ್ ಮುಂದೆ ಇತ್ತು, ಎಸ್‌ಎಸ್‌ಎಲ್‌ಸಿಯಲ್ಲಿ ಹಿಂದೆ. ತಿದ್ದಿಸಲು ತುಮಕೂರು ಕಡೆಯ ಊರಿಗೆ ಮೂರು ಸಲ ಬಸ್ಸು ಹತ್ತಿದೆ. ಎರಡು ಸಲ ಸಹಿ ಹಾಕುವವರು ಮೀಟಿಂಗ್‌ನಲ್ಲಿದ್ದರು. ಪರೀಕ್ಷೆ ಆದ ಮೇಲೆ ಮಾಡೋಣ ಅನ್ನದೆ ಫೆಬ್ರವರಿಯಲ್ಲೇ ಈ ಕೆಲಸ ಮುಗಿಸಿ. ಡಿಗ್ರಿ ಕಾಲೇಜಿನಿಂದ ಟಿಸಿ ತಗೊಂಡು ಇಟ್ಟುಕೊಳ್ಳಿ. ಎಂಎಸ್ಸಿಗೆ ಸೇರಿದ್ದರೆ ಒರಿಜಿನಲ್‌ಗಳು ಅಲ್ಲಿ ಸಿಕ್ಕಿಹಾಕಿಕೊಂಡಿರುತ್ತವೆ, ವಾಪಸ್ ತಗೊಳ್ಳಲು ಎಷ್ಟು ದಿನ, ಎಷ್ಟು ದುಡ್ಡು ಅಂತ ಮೊದಲೇ ಕೇಳಿ.

ಬೇಕಾದ ಕಾಲೇಜುಗಳ ಪಟ್ಟಿ ಹಾಕುವ ಆಪ್ಷನ್ ಎಂಟ್ರಿಯಲ್ಲಿ ಕೈ ಬಿಗಿ ಮಾಡಬೇಡಿ. ಬೆಂಗಳೂರಲ್ಲೇ ಬೇಕು ಅಂತ ನಾಲ್ಕೇ ಕಾಲೇಜು ಹಾಕಿ ಕೂತರೆ ಕೈಗೆ ಏನೂ ಬರದೆ ಹೋಗಬಹುದು. 1955ರಲ್ಲಿ ಶುರುವಾದ ಬೆಂಗಳೂರು ಮೆಡಿಕಲ್ ಕಾಲೇಜು ಎಲ್ಲರಿಗೂ ಬೇಕು, ಅದು ಬೇಗ ಮುಗಿಯುತ್ತದೆ. ಮಂಡ್ಯ, ಹಾಸನ, ಶಿವಮೊಗ್ಗ, ಚಾಮರಾಜನಗರದ ಸರ್ಕಾರಿ ಕಾಲೇಜುಗಳನ್ನು ಖಾಸಗಿ ಕಾಲೇಜುಗಳ ಮೇಲೆ ಹಾಕಿ. ರೋಗಿಗಳು ಜಾಸ್ತಿ, ಕಲಿಕೆ ಜಾಸ್ತಿ, ಫೀಸು ಕಡಿಮೆ. ಅಣಕು ಹಂಚಿಕೆ (ಮಾಕ್ ಅಲಾಟ್‌ಮೆಂಟ್) ಬಂದಾಗ ನೋಡಿ ಪಟ್ಟಿ ತಿದ್ದಿಕೊಳ್ಳಿ. ನಿಜವಾದ ಹಂಚಿಕೆ ಆದ ಮೇಲೆ ಚಾಯ್ಸ್ ಕೇಳುತ್ತಾರೆ. ಒಂದು ಅಂದರೆ ಈ ಸೀಟು ಸಾಕು. ಎರಡು ಅಂದರೆ ಇದು ಇರಲಿ, ಇನ್ನೂ ಒಳ್ಳೆಯದು ಸಿಕ್ಕರೆ ಕೊಡಿ. ಮೂರು ಅಂದರೆ ಇದು ಬೇಡ, ಮುಂದಿನ ಸುತ್ತು ನೋಡುತ್ತೇನೆ. ನಾಲ್ಕು ಅಂದರೆ ನಾನು ಹೊರಗೆ. ಎರಡಕ್ಕೂ ಮೂರಕ್ಕೂ ವ್ಯತ್ಯಾಸ ಗೊತ್ತಿಲ್ಲದೆ ಬಟನ್ ಒತ್ತಬೇಡಿ.

ವಿದೇಶದ ಬಗ್ಗೆ ಒಂದೇ ಮಾತು. ಅದಕ್ಕೂ ನೀಟ್ ಪಾಸಾಗಿರಬೇಕು, ಕೋರ್ಸ್ ಕನಿಷ್ಠ 54 ತಿಂಗಳು ಇರಬೇಕು, ಇಂಗ್ಲಿಷ್‌ನಲ್ಲೇ ಕಲಿಸಬೇಕು, 12 ತಿಂಗಳ ಇಂಟರ್ನ್‌ಶಿಪ್ ಅಲ್ಲೇ ಆಗಬೇಕು, ಬಂದ ಮೇಲೆ ಇಲ್ಲಿ ಇನ್ನೊಂದು ಪರೀಕ್ಷೆ. 2021ರ ನಿಯಮ ಇದು. "ಬಿಎಸ್ಸಿ ಆಗಿದೆಯಲ್ಲ, ಮೂರೂವರೆ ವರ್ಷದಲ್ಲಿ ಮುಗಿಸಿಕೊಡ್ತೀವಿ" ಅನ್ನುವ ಏಜೆಂಟ್ ಸಿಕ್ಕರೆ ಎದ್ದು ಬನ್ನಿ.

ಸೀಟು ಸಿಕ್ಕ ಮೇಲೆ

ಮೊದಲ ವರ್ಷ ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ. ಕೊನೆಯದರಲ್ಲಿ ನೀವು ಆರಾಮಾಗಿರುತ್ತೀರಿ, ಆ ಟೈಮನ್ನು ಪೂರ್ತಿ ಅನಾಟಮಿಗೆ ಹಾಕಿ. ಡಿಸೆಕ್ಷನ್ ಹಾಲಿಗೆ ಮೊದಲ ದಿನ ಹೋದಾಗ, ದೇಹ ಕೊಟ್ಟವರಿಗೆ ಗೌರವ ಸಲ್ಲಿಸಿ ಪ್ರತಿಜ್ಞೆ ಮಾಡಿಸುತ್ತಾರೆ. ಡಿಗ್ರಿಯಲ್ಲಿ ಜಿರಳೆ, ಎರೆಹುಳು ನೋಡಿದವರಿಗೂ ಆ ದಿನ ಊಟ ಸೇರುವುದಿಲ್ಲ. ಒಂದು ವಾರದಲ್ಲಿ ಸರಿಹೋಗುತ್ತದೆ. ಮೊದಲ ವರ್ಷ ಪಾಸಾಗಲು ನಾಲ್ಕೇ ಅವಕಾಶ, ಇಡೀ ಕೋರ್ಸನ್ನು ಒಂಬತ್ತು ವರ್ಷದೊಳಗೆ ಮುಗಿಸಬೇಕು. ಕ್ಲಾಸಿನವರು ಅಕ್ಕ, ಅಣ್ಣ ಅನ್ನುತ್ತಾರೆ. ಅವರ ಜೊತೆಗೇ ಕೂತು ಓದಿ, ಬೇರೆ ಕೂರಬೇಡಿ. ಎರಡನೇ ವರ್ಷ ಪೆಥಾಲಜಿ, ಫಾರ್ಮಕಾಲಜಿ, ಮೈಕ್ರೋಬಯಾಲಜಿ, ಅಲ್ಲಿಂದ ವಾರ್ಡು. ರಾಜ್ಯದಲ್ಲಿ ಕೋರ್ಸ್ ಮುಗಿಸಿದ ಡಾಕ್ಟರ್‌ಗಳಿಗೆ ಗ್ರಾಮೀಣ ಸೇವೆ ಕಡ್ಡಾಯ ಮಾಡಿದ 2012ರ ಕಾಯ್ದೆ ಇದೆ, ಆಮೇಲೆ ತಿದ್ದುಪಡಿಗಳಾಗಿವೆ. ಸೀಟು ತಗೊಳ್ಳುವಾಗ ಬರೆದುಕೊಡುವ ಬಾಂಡ್ ಅನ್ನು ಪೂರ್ತಿ ಓದಿಯೇ ಸಹಿ ಹಾಕಿ.

ನಿಮ್ಮ ಹಳೇ ಕೆಲಸ ಎಲ್ಲಿ ಉಪಯೋಗಕ್ಕೆ ಬರುತ್ತದೆ ಅಂತ ಮೊದಲೇ ಗೊತ್ತಾಗುವುದಿಲ್ಲ. ಲ್ಯಾಬ್ ಕೌಂಟರ್‌ನಲ್ಲಿದ್ದಾಗ ತಿಳಿನೀಲಿ ಮುಚ್ಚಳದ ಟ್ಯೂಬುಗಳನ್ನು ಬೆಳಕಿಗೆ ಹಿಡಿದು ನೋಡುವುದು ನನ್ನ ಕೆಲಸವಾಗಿತ್ತು. ರಕ್ತ ಹೆಪ್ಪುಗಟ್ಟುವ ಪರೀಕ್ಷೆಯ ಟ್ಯೂಬ್ ಅದು. ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ಸಿಟ್ರೇಟ್, ಗೆರೆವರೆಗೆ ತುಂಬದಿದ್ದರೆ ರಿಪೋರ್ಟ್ ತಪ್ಪು ಬರುತ್ತದೆ. ಕಡಿಮೆ ಇದ್ದರೆ ವಾಪಸ್ ಕಳಿಸುತ್ತಿದ್ದೆ, ಒಂದು ಗೆರೆ ತುಂಬಿಸಲು ಏನು ಕಷ್ಟ ಅಂತ ಸಿಟ್ಟೂ ಬರುತ್ತಿತ್ತು. ಹೋದ ತಿಂಗಳು ಬೆಳಗಿನ ಐದೂವರೆಗೆ ವಾರ್ಡಿನಲ್ಲಿ ಒಬ್ಬರು ಅಜ್ಜನಿಂದ ಅದೇ ಟ್ಯೂಬಿಗೆ ರಕ್ತ ತೆಗೆಯಬೇಕಿತ್ತು. ಕೈಯೆಲ್ಲಾ ಹಳೇ ಸೂಜಿಯ ಕಲೆ, ನರ ಬೆರಳಿಗೆ ಸಿಕ್ಕಿದರೂ ಸೂಜಿಗೆ ಸಿಗುತ್ತಿರಲಿಲ್ಲ. ಮೊದಲ ಸಲ ಅರ್ಧ ಬಂದು ನಿಂತುಹೋಯಿತು. "ಎಷ್ಟು ಸತಿ ಚುಚ್ತೀಯವ್ವ" ಅಂದರು. ಆ ಟ್ಯೂಬನ್ನು ಹಾಗೇ ಕಳಿಸಿದರೆ ಮಧ್ಯಾಹ್ನ ವಾಪಸ್ ಬರುತ್ತದೆ, ಅವರಿಗೆ ಇನ್ನೊಂದು ಚುಚ್ಚು ಬೀಳುತ್ತದೆ ಅಂತ ನನಗೆ ಗೊತ್ತಿತ್ತು. ಬಿಸಿನೀರಲ್ಲಿ ಅದ್ದಿದ ಬಟ್ಟೆಯನ್ನು ಆ ಕೈ ಮೇಲೆ ಇಟ್ಟು, ಐದು ನಿಮಿಷ ಅವರ ಊರಿನ ಮಾತಾಡಿ, ಇನ್ನೊಂದೇ ಸಲ ಹಾಕಿದೆ. ಗೆರೆಗೆ ಸರಿಯಾಗಿ ಬಂತು. ಟ್ಯೂಬನ್ನು ನಿಧಾನಕ್ಕೆ ನಾಲ್ಕು ಸಲ ಮೇಲೆ ಕೆಳಗೆ ಮಾಡಿ, ಹೆಸರು ಬರೆದು, ಲ್ಯಾಬಿಗೆ ನಾನೇ ತಗೊಂಡು ಹೋದೆ.